ಬೆಲ್ಲ ಕುಡಿದ ಗೋಡೆ

ನಮ್ಮ ಮನೆಗೆ ಬರುವವರು ಒಳಗೆ ಕಾಲಿಡುವ ಮೊದಲು ಒಮ್ಮೆ ಎಡವುತ್ತಾರೆ. ಹಾಲಿನವನು ಎಡವುತ್ತಾನೆ, ಗ್ಯಾಸಿನವನು ಎಡವಿ ಗೊಣಗುತ್ತಾನೆ, ಕರೆಂಟ್ ಬಿಲ್ಲಿನವನಂತೂ ಈಗೀಗ ಓಣಿಯಲ್ಲೇ ನಿಂತು ಕೂಗಿ ಹೋಗುತ್ತಾನೆ. ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ನಾನು ಅದರ ಬುಡಕ್ಕೆ ಒಂದು ಗಡ್ಡೆ ಇಟ್ಟಿದ್ದೇನೆ. ತೆಂಗಿನಕಾಯಿಯಷ್ಟು ದಪ್ಪ, ಬೂದಿ ಬೆರೆತ ಬಿಳಿ ಬಣ್ಣ, ಒಂದು ಮಗ್ಗುಲಲ್ಲಿ ಕೆಂಪು ಇಟ್ಟಿಗೆಯ ಚೂರುಗಳು. ನೋಡಲು ಚೆಂದವಿಲ್ಲ. ಬಾಗಿಲು ಹಿಡಿಯುವ ಕೆಲಸವನ್ನಾದರೂ ನೆಟ್ಟಗೆ ಮಾಡುತ್ತದೆಯೇ ಅಂದರೆ ಅದೂ ಇಲ್ಲ; ದುಂಡಗಿರುವುದರಿಂದ ಉರುಳಿ ನಡುದಾರಿಗೆ ಬಂದು ಕೂರುತ್ತದೆ.

ಹೋದ ವಾರ ಬೆಟಗೇರಿಯಿಂದ ಶಾಹೀದಾ ಬಂದಿದ್ದಳು. ನನ್ನ ತಂಗಿಯ ಮಗಳು, ಸೀರೆ ನೇಯುವ ಮನೆಗೆ ಸೊಸೆಯಾಗಿ ಹೋದವಳು. ಎರಡೂ ಕೈಯಲ್ಲಿ ಚೀಲ ಹಿಡಿದು ಬಂದವಳು ಎಂದಿನಂತೆ ಎಡವಿದಳು, ಬಾಗಿಲು ಹಿಡಿದು ಸಾವರಿಸಿಕೊಂಡಳು, ನಂತರ ನನ್ನ ಕಡೆ ತಿರುಗಿ ದಬಾಯಿಸಿದಳು.

"ಖಾಲಾ, ಬಾಗಲಾ ಹಿಡಿಯಾಕ ಈಗ ರಬ್ಬರಿಂದು ಸಿಗತಾವು. ಮುಂದಿನ ಸಲ ನಾನ ತರತೀನಿ. ಈ ಕಲ್ಲು ಮೊದಲ ಹೊರಗ ಒಗಿ."

"ಅದು ಕಲ್ಲಲ್ಲ," ಎಂದೆ.

"ಮತ್ತೇನು?"

"ಗಚ್ಚು."

"ಗಚ್ಚು ಅಂದ್ರ?"

ಅವಳ ಅಜ್ಜ, ಅಂದರೆ ನನ್ನ ಅಪ್ಪ, ಈ ಲಕ್ಷ್ಮೇಶ್ವರದಲ್ಲಿ ಗೋಡೆ ಕೆಲಸಕ್ಕೆ ಹೆಸರಾದ ಗಚ್ಚಿನ ಗೌಂಡಿಯಾಗಿದ್ದ. ಶಿರಹಟ್ಟಿ, ಮುಂಡರಗಿಯಿಂದ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಅವನ ಮೊಮ್ಮಗಳು ಗಚ್ಚು ಅಂದರೇನು ಎಂದು ಕೇಳಿದಳು. ನಾನು ಚಹಾ ಇಡುವ ನೆಪ ಮಾಡಿ ಒಳಗೆ ಹೋದೆ. ಮೂವತ್ನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಅಷ್ಟು ಸಣ್ಣ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೆ ಬೇಸರ ಬಂದು ನಡುವೆ ಎದ್ದು ಹೋದರೂ ನನಗೆ ಕಾಣಿಸುವುದಿಲ್ಲ.

ಸುಟ್ಟ ಸುಣ್ಣ, ಉಸುಕು, ಇಟ್ಟಿಗೆಯ ಪುಡಿ ಸೇರಿಸಿ ನೀರಲ್ಲಿ ನೆನೆಹಾಕಿ, ದಿನಗಟ್ಟಲೆ ಕುಟ್ಟಿ ಕುಟ್ಟಿ ಬೆಣ್ಣೆಯ ಹಾಗೆ ಮಾಡಿದರೆ ಅದು ಗಚ್ಚು. ಸಿಮೆಂಟು ಬರುವ ಮೊದಲು ನಮ್ಮ ಕಡೆಯ ಗುಡಿ, ಮಸೀದಿ, ವಾಡೆ, ಬಾವಿ ಎಲ್ಲವನ್ನೂ ಹಿಡಿದು ನಿಲ್ಲಿಸಿದ್ದು ಅದೇ. ಗೋಡೆಗೆ ಅದನ್ನು ಹಚ್ಚುವವರು ಗಂಡಸರು, ಅವರಿಗೆ ಹೆಸರು, ಅವರಿಗೆ ರುಮಾಲು. ಕುಟ್ಟುವವರು ಹೆಂಗಸರು. ನಮ್ಮ ಅಮ್ಮ ಕುಟ್ಟುವವರಲ್ಲಿ ಹಿರಿಯಳು.

ಓಣಿಯ ಬಯಲಲ್ಲಿ ಕಲ್ಲಿನ ಉದ್ದನೆಯ ದೋಣಿ ಇರುತ್ತಿತ್ತು. ಅದರ ಎರಡೂ ಬದಿಗೆ ನಾಲ್ಕು ನಾಲ್ಕು ಹೆಂಗಸರು ಒನಕೆ ಹಿಡಿದು ನಿಲ್ಲುತ್ತಿದ್ದರು. ಗಚ್ಚು ಹದಕ್ಕೆ ಬಂದಿದೆಯೇ ಎಂದು ಅಮ್ಮ ಯಾವತ್ತೂ ಮುಟ್ಟಿ ನೋಡಿದವಳಲ್ಲ. ಸಪ್ಪಳ ಕೇಳುತ್ತಿದ್ದಳು. ಒನಕೆ ಬಿದ್ದಾಗ ಮೊದಲ ದಿನ ಚಪ್ ಚಪ್ ಅನ್ನುತ್ತದೆ, ಆಮೇಲೆ ದಪ್ ಅನ್ನುತ್ತದೆ, ಕೊನೆಗೆ ಸುಮ್ಮನಾಗುತ್ತದೆ. ಸುಮ್ಮನಾದಾಗ ಅಮ್ಮ ಕೈ ಎತ್ತುತ್ತಿದ್ದಳು, ಎಂಟೂ ಒನಕೆ ನಿಲ್ಲುತ್ತಿದ್ದವು. ಮನೆಯಲ್ಲಿ ನಾವು ಉರ್ದು ಆಡುವವರು. ಆದರೆ ಅಮ್ಮನಿಗೆ ಸಿಟ್ಟು ಬಂದರೆ ಬಾಯಿಗೆ ಕನ್ನಡವೇ ಬರುತ್ತಿತ್ತು, ಯಾಕೆಂದರೆ ಅವಳು ಬೈಯಲು ಕಲಿತದ್ದು ಆ ದೋಣಿಯ ದಂಡೆಯಲ್ಲಿ. ಪ್ರೀತಿ ಬಂದಾಗಲೂ ಅದೇ ಕನ್ನಡ ಬರುತ್ತಿತ್ತು. ಬೈಯುತ್ತಿದ್ದಾಳೋ ಮುದ್ದು ಮಾಡುತ್ತಿದ್ದಾಳೋ ಎಂದು ತಿಳಿಯದೆ ನಾನು ಅರ್ಧ ಬಾಲ್ಯ ಕಳೆದೆ.

ನಮ್ಮ ಓಣಿಯ ತುದಿಗೆ ಹನ್ನೆರಡು ಕಮಾನು ಇತ್ತು. ಆ ಕಟ್ಟಡದ ಹೆಸರೇ ಅದು. ಹಿಂದೆ ದಾರಿಹೋಕರು ಎತ್ತು ಬಿಚ್ಚಿ ಇಳಿದುಕೊಳ್ಳಲು ಯಾರೋ ಕಟ್ಟಿಸಿದ ಛತ್ರ. ಆದಿಲಶಾಹಿ ಕಾಲದ್ದು ಅನ್ನುವವರಿದ್ದರು, ಪೇಶ್ವೆಯವರ ಕಾಲದ್ದು ಅನ್ನುವವರೂ ಇದ್ದರು. ಅಮ್ಮನನ್ನು ಕೇಳಿದರೆ, "ನನ್ನ ಮದಿವಿಕಿಂತ ಮೊದಲಿಂದು," ಅನ್ನುತ್ತಿದ್ದಳು, ಇತಿಹಾಸ ಅಲ್ಲಿಗೆ ಮುಗಿಯುತ್ತಿತ್ತು. ಊರಿನಲ್ಲಿ ಅದಕ್ಕಿಂತ ದೊಡ್ಡ, ಅದಕ್ಕಿಂತ ಚೆಂದದ ಕಟ್ಟಡಗಳಿವೆ. ಅವುಗಳನ್ನು ನೋಡಲು ಹೊರಗಿನವರು ಬರುತ್ತಾರೆ. ಹನ್ನೆರಡು ಕಮಾನನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಅದು ನಮ್ಮದಾಗಿತ್ತು, ಅಷ್ಟೇ.

ಕೆಲವು ವರ್ಷಕ್ಕೊಮ್ಮೆ ಅದರ ಗಚ್ಚು ಅಲ್ಲಲ್ಲಿ ಉದುರುತ್ತಿತ್ತು, ಅಪ್ಪ ಮತ್ತೆ ಹಚ್ಚುತ್ತಿದ್ದ. ಆಗ ಬೆಲ್ಲ ಎತ್ತುವುದು ಎಂಬ ಒಂದು ಪದ್ಧತಿ ಇತ್ತು. ಕುಟ್ಟಿದ ಗಚ್ಚಿಗೆ ಕೊನೆಯಲ್ಲಿ ಬೆಲ್ಲದ ನೀರು ಹಾಕಬೇಕು, ಅದರಿಂದ ಬಿಗಿ ಬರುತ್ತದೆ. ಸ್ವಂತ ಮನೆ ಕಟ್ಟುವವರು ತಾವೇ ಬೆಲ್ಲ ತರುತ್ತಿದ್ದರು. ಎಲ್ಲರಿಗೂ ಸೇರಿದ ಕಟ್ಟಡವಾದರೆ ಪ್ರತಿ ಮನೆಯಿಂದ ಒಂದು ಉಂಡೆ ಬರಬೇಕು. ಅಮ್ಮ ಮತ್ತು ಅವಳ ಜೊತೆಯವಳು ಹುಲಿಗೆವ್ವ ಒಂದು ಹಂಡೆ ಹೊತ್ತುಕೊಂಡು ಮನೆ ಮನೆಗೆ ಹೋಗುತ್ತಿದ್ದರು. ಲಿಂಗಾಯತರ ಮನೆ, ನಮ್ಮವರ ಮನೆ, ನೇಕಾರರ ಮನೆ, ಬಾಣಂತಿ ಇರುವ ಮನೆ, ಹೆಣ ಎದ್ದು ಮೂರು ದಿನವಾಗದ ಮನೆ, ಯಾವುದನ್ನೂ ಬಿಡುವಂತಿರಲಿಲ್ಲ. ದೊಡ್ಡ ಉಂಡೆ, ಸಣ್ಣ ಉಂಡೆ, ಇರುವೆ ಮುತ್ತಿದ ಉಂಡೆ ಎಲ್ಲ ಒಂದೇ ಹಂಡೆಗೆ ಬಿದ್ದು ನೀರಾಗುತ್ತಿದ್ದವು.

"ಯಾರು ಎಷ್ಟು ಕೊಟ್ರು ಅಂತ ಬರಕೊಳ್ಳೂದಿಲ್ಲೇನು?" ಎಂದು ನಾನೊಮ್ಮೆ ಕೇಳಿದ್ದೆ. ಆಗಲೇ ನನ್ನಲ್ಲಿ ಹಾಜರಿ ಕರೆಯುವ ಮಾಸ್ತರಿಕೆ ಮೊಳೆತಿತ್ತೆಂದು ತೋರುತ್ತದೆ.

"ಏ ಹುಚ್ಚಿ, ಕರಗಿದ ಮ್ಯಾಲೆ ಯಾರದಂತ ಹೇಳತಿ?" ಅಂದಿದ್ದಳು ಅಮ್ಮ.

ಇಷ್ಟು ಬೆಲ್ಲ ಕುಡಿದ ಗೋಡೆ ಸಿಹಿಯಾಗಿರಲೇಬೇಕು ಎಂದು ಆರು ವರ್ಷದ ನಾನು ತೀರ್ಮಾನಿಸಿದೆ. ಏಳನೆಯ ಕಮಾನಿನ ಬುಡಕ್ಕೆ ಅಪ್ಪ ಆಗತಾನೆ ಗಚ್ಚು ಹಚ್ಚಿ ಊಟಕ್ಕೆ ಹೋಗಿದ್ದ. ನಾನು ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಉದ್ದಕ್ಕೆ ನೆಕ್ಕಿದೆ. ಸುಣ್ಣ ನಾಲಿಗೆಯನ್ನು ಏನು ಮಾಡುತ್ತದೆಂದು ಎಲೆ ಅಡಿಕೆ ಹಾಕುವವರಿಗೆ ಗೊತ್ತು. ನಾನು ಊರಿಗೆ ಕೇಳುವಂತೆ ಅತ್ತೆ. ಅಮ್ಮ ತುಪ್ಪ ಸವರುತ್ತ ಬೈದಳು, ಬೈಯುತ್ತ ನಕ್ಕಳು. ಹುಲಿಗೆವ್ವ ಅಂದೇ ನನಗೆ ಗ್ವಾಡಿ ನೆಕ್ಕಿ ಎಂದು ಹೆಸರಿಟ್ಟಳು. ನಾನು ಹೆಡ್ ಅಕ್ಕೋರಾದ ಮೇಲೂ ಸಂತೆಯಲ್ಲಿ ನನ್ನ ಶಾಲೆಯ ಮಕ್ಕಳ ಎದುರು, "ಏನಬೇ ಗ್ವಾಡಿ ನೆಕ್ಕಿ, ಆರಾಮ ಅದಿ?" ಎಂದು ಕೇಳುತ್ತಿದ್ದಳು. ನಾನು ಬದನೆಕಾಯಿ ಆರಿಸುವುದರಲ್ಲಿ ಮುಳುಗಿದವಳ ಹಾಗೆ ನಟಿಸುತ್ತಿದ್ದೆ.

ಅಕ್ಕೋರಾದೆ ಅಂದೆನಲ್ಲ, ಅದೂ ಹನ್ನೆರಡು ಕಮಾನಿನಲ್ಲೇ ಆದದ್ದು. ಛತ್ರಕ್ಕೆ ಬರುವ ದಾರಿಹೋಕರು ಇಲ್ಲವಾದ ಮೇಲೆ ಅಲ್ಲಿ ಪ್ರಾಥಮಿಕ ಶಾಲೆ ನಡೆಯುತ್ತಿತ್ತು. ನಡುವೆ ಗೋಡೆಯಿಲ್ಲದ ತರಗತಿಗಳು, ಕಮಾನಿಗೊಂದರಂತೆ. ನಾನು ಓದಿದ್ದೂ ಅಲ್ಲೇ, ಬಹಳ ವರ್ಷ ಕಲಿಸಿದ್ದೂ ಅಲ್ಲೇ. ಪಕ್ಕದ ಕಮಾನಿನಲ್ಲಿ ಮಗ್ಗಿ ಹೇಳಿಸಿದರೆ ನಮ್ಮಲ್ಲಿ ಪದ್ಯ ಹೇಳುವ ಮಕ್ಕಳೂ ಹನ್ನೆರಡು ಹನ್ನೆರಡಲೆ ಎಂದುಬಿಡುತ್ತಿದ್ದವು. ಪಾರಿವಾಳಗಳು ಹಾಜರಿ ಪುಸ್ತಕದ ಮೇಲೆ ತಮ್ಮ ಸಹಿ ಹಾಕುತ್ತಿದ್ದವು. ಆದರೆ ಮೇ ತಿಂಗಳ ಬಿಸಿಲಲ್ಲಿ ಊರೆಲ್ಲ ಬೇಯುವಾಗ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಮಣ್ಣಿನ ಹೂಜಿಗೆ ಒರಗಿದ ಹಾಗೆ ತಂಪಾಗುತ್ತಿತ್ತು. ಆ ತಂಪು ಎಲ್ಲಿಂದ ಬರುತ್ತದೆಂದು ನಾನು ಯಾವತ್ತೂ ಕೇಳಿಕೊಳ್ಳಲಿಲ್ಲ. ತಂಪಿದೆಯಲ್ಲ, ಸಾಕು ಅನ್ನಿಸಿತ್ತು.

ಅಮ್ಮ ನನಗೆ ಗಚ್ಚು ಕುಟ್ಟುವುದನ್ನು ಕಲಿಸಬೇಕೆಂದಿದ್ದಳು. ಕುಟ್ಟುವವಳಾಗಲಿ ಎಂದಲ್ಲ, ತಿಳಿದಿರಲಿ ಎಂದು. "ಒಂದ ಸಲ ಒನಕಿ ಹಿಡದು ನಿಂದರ. ಸಪ್ಪಳ ಕಿವ್ಯಾಗ ಕುಂತಬಿಡತೈತಿ, ಆಮ್ಯಾಲೆ ಮರ್ಯಾಂಗಿಲ್ಲ," ಅನ್ನುತ್ತಿದ್ದಳು. ನನಗೆ ಅವಳ ಕೈ ನೋಡಿದರೆ ನಾಚಿಕೆಯಾಗುತ್ತಿತ್ತು. ಸುಣ್ಣ ತಿಂದು ಬಿರಿದ ಬೆರಳುಗಳು, ಸಂದುಗಳಲ್ಲಿ ಮಾಯದ ಗಾಯ. ಟ್ರೇನಿಂಗ್ ಕಾಲೇಜಿಗೆ ನನ್ನನ್ನು ನೋಡಲು ಬಂದಾಗ ಸೆರಗಿನೊಳಗೆ ಕೈ ಇಟ್ಟುಕೋ ಎಂದು ನಾನೇ ಹೇಳಿದ್ದೇನೆ. ಹೇಳಿದ್ದು ನಿಜ, ಮುಚ್ಚಿಟ್ಟು ಏನು ಮಾಡಲಿ? ಅವಳು ಕೈ ಒಳಗೆ ಇಟ್ಟುಕೊಂಡಳು. ಹೋಗುವಾಗ ಮಾತ್ರ ನನ್ನ ಬೆರಳಿಗೆ ಅಂಟಿದ್ದ, ಬೋರ್ಡಿಗೆ ಬರೆಯುವ ಖಡುವಿನ ಪುಡಿ ಒರೆಸಿ, "ನಿನ್ನ ಕೈಗೂ ಸುಣ್ಣನ ಹತ್ತೇತಲ್ಲಬೇ," ಎಂದು ನಕ್ಕು ಬಸ್ಸು ಹತ್ತಿದಳು.

ಅಪ್ಪ ತೀರಿಕೊಂಡ. ಸಿಮೆಂಟು ಬಂತು. ಕಲ್ಲಿನ ದೋಣಿ ದನಗಳಿಗೆ ನೀರು ಕುಡಿಸುವ ಬಾನಿಯಾಯಿತು, ಆಮೇಲೆ ಅದೂ ಕಾಣೆಯಾಯಿತು. ಶಾಲೆಗೆ ಹೊಸ ಕಟ್ಟಡವಾಗಿ ನಾವು ಬೆಂಚು ಬೋರ್ಡು ಹೊತ್ತು ಹೋದೆವು. ಹನ್ನೆರಡು ಕಮಾನು ಖಾಲಿ ಬಿತ್ತು. ಯಾರೂ ಇರದ ಕಟ್ಟಡಕ್ಕೆ ಬೇಗ ವಯಸ್ಸಾಗುತ್ತದೆ. ಮೇಲೆ ಅರಳಿಯ ಸಸಿ ಎದ್ದಿತು, ಕೆಳಗೆ ಆಟೋಗಳು ನಿಂತವು, ಗಚ್ಚು ಉದುರಿದ ಕಡೆ ಕಲ್ಲು ಕಂಡಿತು. ನಾನು ನಿವೃತ್ತಳಾದ ಹೊತ್ತಿಗೆ, ಅದನ್ನು ಕೆಡವಿ ಅಂಗಡಿಗಳ ಕಾಂಪ್ಲೆಕ್ಸ್ ಮಾಡುತ್ತಾರೆಂಬ ಖಬರು ಊರಲ್ಲಿ ಓಡಾಡತೊಡಗಿತ್ತು.

ಆಗ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದವಳು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆಯ ಮೊದಲ ಸಾಲು ಎಂದು ಹೇಳುತ್ತಿದ್ದೇನೆ. ಪಕ್ಕದ ಮನೆಯ ಶಿವಲಿಂಗಪ್ಪ ದವಾಖಾನೆಯಲ್ಲಿ ಕಂಪೌಂಡರಾಗಿ ನಿವೃತ್ತನಾದವನು, ನನ್ನ ಜೊತೆ ಅದೇ ಕಮಾನುಗಳಲ್ಲಿ ಓದಿದವನು. ಅವನು ಕಾರ್ಯದರ್ಶಿ, ನಾನು ಅಧ್ಯಕ್ಷೆ. ಹನ್ನೆರಡು ಕಮಾನು ಉಳಿಸುವ ಕಮಿಟಿ. ಓಣಿಯವರೆಲ್ಲ ಸೇರಿದ ದಿನ ನಾನು ಎದ್ದು ನಿಂತು ಭಾಷಣ ಮಾಡಿದೆ. ಹಿಂದೆ ನಮ್ಮ ಹಿರಿಯರು ಮನೆಗೊಂದು ಬೆಲ್ಲದ ಉಂಡೆ ಕೊಟ್ಟರು, ಈಗ ನಾವು ಮನೆಗೊಂದು ಸಿಮೆಂಟಿನ ಚೀಲ ಕೊಡೋಣ ಎಂದೆ. ಚಪ್ಪಾಳೆ ಬಿತ್ತು. ಆ ಮಾತು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಸ್ವಂತ ತಲೆಯಿಂದ ಬಂದದ್ದು. ಹಿಂದಿನ ರಾತ್ರಿಯೇ ಬರೆದು ಬಾಯಿಪಾಠ ಮಾಡಿಕೊಂಡಿದ್ದೆ ಕೂಡ.

ಮೊದಲ ಚೀಲ ನನ್ನದು. ಕೊಟ್ಟವರ ಹೆಸರು ಕಪ್ಪು ಗ್ರಾನೈಟಿನ ಮೇಲೆ ಕೆತ್ತಿಸೋಣ ಎಂದು ಸೂಚಿಸಿದವಳೂ ನಾನೇ. ಹೆಸರು ಬರುತ್ತದೆಂದರೆ ಜನ ಮುಂದೆ ಬರುತ್ತಾರೆ, ಶಾಲೆಯ ಗಡಿಯಾರಕ್ಕೂ ಫ್ಯಾನಿಗೂ ದೇಣಿಗೆ ಎತ್ತಿದವಳಿಗೆ ಅಷ್ಟು ಅನುಭವವಿತ್ತು. ಬಂದರು. ಹದಿನೈದು ದಿನದಲ್ಲಿ ಏಳನೆಯ ಕಮಾನಿನ ಕೆಳಗೆ ಚೀಲಗಳು ಎದೆಮಟ್ಟ ಎದ್ದವು.

ಅಮ್ಮ ಆಗ ಹತ್ತಿರದಲ್ಲೇ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಕಣ್ಣು ಮಂಜಾಗಿದ್ದವು, ಕಿವಿ ಮಾತ್ರ ಚುರುಕಾಗಿತ್ತು. ನಾನು ಸಡಗರದಿಂದ ಹೋಗಿ ಅವಳ ಪಕ್ಕ ಕೂತು ಎಲ್ಲ ಹೇಳಿದೆ.

"ಸಿಮೆಂಟ್ ಬ್ಯಾಡಬೇ," ಎಂದಳು. "ಹಳೇ ಗ್ವಾಡಿ ಉಸರಾಡತೈತಿ. ಮಳ್ಯಾಗ ನೀರ ಕುಡಿತೈತಿ, ಬಿಸಲಾಗ ಹೊರಗ ಬಿಡತೈತಿ. ಸಿಮೆಂಟ್ ಹಚ್ಚಿದ್ರ ಅದರ ಬಾಯಿ ಕಟ್ಟಿಧಂಗ ಆಗತೈತಿ. ಗಚ್ಚು ಹಾಕ್ಸ."

"ಗಚ್ಚು ಕುಟ್ಟವರು ಯಾರದಾರ ಅಮ್ಮಾ?" ಎಂದೆ. "ನಿನಗ ಏಳಾಕ ಆಗೂದಿಲ್ಲ. ಈಗ ಡ್ಯಾಮ್ ಕಟ್ಟಾಕೂ ಸಿಮೆಂಟ ಹಾಕತಾರ. ನಿನಗ ತಿಳಿಯೂದಿಲ್ಲ ಬಿಡು."

ತಿಳಿಯೂದಿಲ್ಲ ಬಿಡು. ನಲವತ್ತು ವರ್ಷ ಆ ಗೋಡೆಗೆ ಗಚ್ಚು ಕುಟ್ಟಿದವಳಿಗೆ ನಾನು ಹಾಗೆ ಹೇಳಿದೆ. ಮರುದಿನ ನಾನು ಹೋದಾಗ ತಲೆದಿಂಬಿನ ಪಕ್ಕದಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟಳು. ತಂಗಿಗೆ ಹೇಳಿ ತರಿಸಿಟ್ಟಿದ್ದ ಬೆಲ್ಲದ ಉಂಡೆ.

"ಏನರ ಕಲಸ್ರಿ. ನಮ್ಮ ಮನಿದು ಇದನ್ನಷ್ಟ ಅದಕ್ಕ ಹಾಕ್ರಿ," ಎಂದಳು.

ನಾನು ಅದನ್ನು ಕೆಲಸ ನಡೆಯುವಲ್ಲಿಗೆ ಒಯ್ದೆ, ಅದು ಖರೆ. ಅಲ್ಲಿ ಪ್ಲಾಸ್ಟರು ಮಾಡುತ್ತಿದ್ದ ಗೌಂಡಿಗೆ ತೋರಿಸಿದೆ. ಅವನು ನನ್ನನ್ನೂ ಪೊಟ್ಟಣವನ್ನೂ ನೋಡಿ, "ಅಕ್ಕೋರ, ಬೆಲ್ಲ ಬಿದ್ರ ಸಿಮೆಂಟು ಗಟ್ಟ್ಯಾಗೂದ ಇಲ್ರಿ. ಪೂರಾ ಮಾಲ್ ಕೆಡತೈತಿ," ಎಂದ. ಗಚ್ಚಿಗೆ ಜೀವ ಕೊಡುವ ಬೆಲ್ಲ ಸಿಮೆಂಟಿಗೆ ವಿಷ. ಎರಡೂ ಕೂಡಿ ಬಾಳುವ ಜಾತಿಯವಲ್ಲ ಎಂದು ಆ ಒಂದು ಮಾತಿಗೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಅದು ಏನಾಯಿತೆಂದು ಆಮೇಲೆ ಹೇಳುತ್ತೇನೆ. ಈಗ ಹೇಳಿದರೆ ನೀವು ನನ್ನ ಜೊತೆ ಮುಂದೆ ಬರಲಿಕ್ಕಿಲ್ಲ.

ಕೆಲಸ ಮುಗಿದಾಗ ಹನ್ನೆರಡು ಕಮಾನು ಮದುಮಗನ ಹಾಗೆ ಕಂಡಿತು. ಒಳಗೆ ಹೊರಗೆ ನುಣ್ಣನೆ ಸಿಮೆಂಟು, ಮೇಲೆ ತಿಳಿಹಳದಿ ಆಯಿಲ್ ಪೇಂಟು, ಕಮಾನಿನ ಅಂಚಿಗೆ ಕೆಂಪು ಗೀಟು. ಹನ್ನೆರಡನೆಯ ಕಮಾನಿನ ಹಿಂದಿನ ಗೋಡೆಗೆ ಬರುವಷ್ಟರಲ್ಲಿ ಸಿಮೆಂಟು ಮುಗಿದಿತ್ತು. ಆ ಹಿಂಬದಿ ಯಾರಿಗೆ ಕಾಣುತ್ತದೆ ಎಂದು ಹಾಗೇ ಬಿಟ್ಟೆವು. ಎದುರಿಗೆ ಗ್ರಾನೈಟು ಕೂರಿಸಿದೆವು. ಮೇಲ್ಗಡೆ ಮೊದಲ ಹೆಸರು ನನ್ನದು, ಎಂ.ಎ., ಬಿ.ಎಡ್. ಸಮೇತ. ಶಿವಲಿಂಗಪ್ಪ ಅದರ ಎದುರು ನನ್ನನ್ನು ನಿಲ್ಲಿಸಿ ಫೋಟೊ ತೆಗೆದ. ನೋಡಿದರೆ ಗೊತ್ತಾಗುತ್ತದೆ, ಅಂಥ ನಗು ನನ್ನ ನಿಕಾಹದ ಫೋಟೊದಲ್ಲೂ ಇಲ್ಲ.

ಅಮ್ಮ ಅದೇ ಚಳಿಗಾಲದಲ್ಲಿ ಹೋದಳು. ಮುಂದಿನದನ್ನು ನೋಡಲಿಲ್ಲ ಎಂಬುದೊಂದೇ ಸಮಾಧಾನ.

ಮೊದಲ ಮಳೆಗಾಲ ಸುಮ್ಮನೆ ಕಳೆಯಿತು. ಎರಡನೆಯ ಮಳೆಗಾಲದ ನಂತರ ಗೋಡೆ ಬೆವರತೊಡಗಿತು. ಪೇಂಟು ಗುಳ್ಳೆ ಎದ್ದಿತು, ಗುಳ್ಳೆ ಒಡೆದಲ್ಲಿ ಬಿಳಿ ಉಪ್ಪು ಹೂವಿನ ಹಾಗೆ ಬಿರಿಯಿತು. ಕೈಯಿಟ್ಟರೆ ತಂಪಿರಲಿಲ್ಲ, ಜ್ವರ ಬಿಟ್ಟವರ ಮೈಯ ಹಾಗೆ ಅಂಟಂಟು. ಒಳಗೆ ಸಿಕ್ಕಿಕೊಂಡ ನೀರು ಹಳೆಯ ಗಚ್ಚನ್ನು ಮಣ್ಣು ಮಾಡುತ್ತಿತ್ತು. ಮೂರನೆಯ ವರ್ಷ ಏಳನೆಯ ಕಮಾನಿನ ಪ್ಲಾಸ್ಟರು ಒಂದು ಮಧ್ಯಾಹ್ನ ಬಾಗಿಲಗಲ ಕಳಚಿ ಬಿದ್ದಿತು. ಬೀಳುವಾಗ ಒಂಟಿಯಾಗಿ ಬೀಳಲಿಲ್ಲ. ಕಲ್ಲಿನ ಮುಖವನ್ನೂ ಅಪ್ಪನ ಗಚ್ಚನ್ನೂ ಕಿತ್ತುಕೊಂಡೇ ಬಿದ್ದಿತು. ನಾನು ಆ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದೆ. ಹಿಟ್ಟಿನ ಹಾಗೆ ಬೆರಳ ಸಂದಿನಿಂದ ಸುರಿಯಿತು. ಅಲ್ಲೇ ಕೂತು ಅತ್ತೆ, ಆಟೋದವರು ನೋಡುತ್ತಿದ್ದರು.

ಆಮೇಲೆ ಓಡಾಡಿದ್ದನ್ನು ಉದ್ದಕ್ಕೆ ಹೇಳುವುದಿಲ್ಲ. ಗದಗಿಗೆ ಹೋಗಿ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಅಲ್ಲಿದ್ದವರು ಒಳ್ಳೆಯವರೇ, ಕುಂಡ್ರಿ ಎಂದು ಕುರ್ಚಿ ಕೊಟ್ಟರು. ರಕ್ಷಿಸಬೇಕಾದವುಗಳ ಪಟ್ಟಿಯಲ್ಲಿ ಇಂಥ ಹೆಸರೇ ಇಲ್ಲ ಎಂದರು. ಇರಲಿಕ್ಕೆ ಅದನ್ನು ಯಾರು ಯಾವಾಗ ಬರೆಸಿದ್ದರು? ಗಚ್ಚಿಗೆ ಸುಣ್ಣ ಸಿಗುತ್ತದೆಯೇ ಎಂದು ಮುಂಡರಗಿಗೆ ಹೋದೆ. ಅಪ್ಪನಿಗೆ ಸುಣ್ಣ ಬರುತ್ತಿದ್ದ ಭಟ್ಟಿಯ ಜಾಗದಲ್ಲಿ ಟ್ರಾಕ್ಟರ್ ರಿಪೇರಿ ಗ್ಯಾರೇಜು ಇತ್ತು. ಉಳಿದದ್ದು ಹುಲಿಗೆವ್ವ ಒಬ್ಬಳು. ಅವಳು ಸೊರಟೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಕೇಳಿ ಅಲ್ಲಿಗೆ ಹೋದೆ.

ಅವಳು ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಿದ್ದೇ ಗುರುತು ಹಿಡಿದಳು.

"ಗ್ವಾಡಿ ನೆಕ್ಕಿ ಬಂದಿ? ಬಾ, ಕುಂದ್ರ."

ಅವಳ ಎದುರು ಕೂತು ದೊಡ್ಡ ದನಿಯಲ್ಲಿ ಎಲ್ಲ ಹೇಳಿದೆ. ಅವಳು ಶೇಂಗಾ ಸುಲಿಯುತ್ತಲೇ ಕೇಳಿದಳು.

"ಸಿಮೆಂಟ್ ಹಚ್ಚುಮುಂದ ನಿಮ್ಮವ್ವ ಏನೂ ಅನ್ನಲಿಲ್ಲೇನು?"

"ಬ್ಯಾಡಂದ್ಲು."

"ಮತ್ತ?"

ನಾನೂ ಒಂದು ಶೇಂಗಾ ಎತ್ತಿಕೊಂಡು ಸುಲಿಯತೊಡಗಿದೆ.

"ಈಗ ಸಿಮೆಂಟ್ ಕಿತ್ತು ಗಚ್ಚು ಹಚ್ಚಿದ್ರ ಉಳಿಯೂದಿಲ್ಲೇನು ಹುಲಿಗೆವ್ವ? ನೀ ಕುಂತು ಹೇಳು, ನಾವು ಕುಟ್ಟತೀವಿ," ಎಂದು ಕೇಳಿಕೊಂಡೆ.

"ಕಿತ್ತೀರಿ ಅಂದ್ರ ಗ್ವಾಡಿನೂ ಕಿತ್ತಬರತೈತಿ ಯವ್ವಾ. ಅದು ಆತು," ಎಂದಳು. "ಇನ್ನ ಸಪ್ಪಳ ಹೆಂಗ ಹೇಳಿಕೊಡ್ಲಿ? ನನ್ನ ಕಿವಿ ಹೋಗ್ಯಾವು. ಹತ್ರ ಕುಂತು ಒದರಿದ್ರ ನಿನ್ನ ದನಿ ಅಷ್ಟ ಕೇಳತೈತಿ. ಗಚ್ಚಿನ ಹದ ನಿನಗ ಗೊತ್ತಿರಬೇಕಲ್ಲ, ನೀನ ಅಲ್ಲೇನು ಆಕಿ ಮಗಳು?"

ಅವಳು ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ನನಗೆ ಗೊತ್ತಿರುತ್ತದೆಂದು ಅಂದುಕೊಂಡಿದ್ದಳು. ಹೊರಡುವಾಗ ಉಡಿಗೆ ಶೇಂಗಾ ಹಾಕಿದಳು. ಬಸ್ಸಿನಲ್ಲಿ ಅದನ್ನು ತಿನ್ನಲಾಗಲಿಲ್ಲ.

ಕಟ್ಟಡ ಅಪಾಯದಲ್ಲಿದೆ, ಯಾರೂ ಕೆಳಗೆ ನಿಲ್ಲಬಾರದು ಎಂಬ ನೋಟೀಸು ಬಂತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಜೇಸಿಬಿ ಬಂತು. ನಾನು ಹೋಗುವುದಿಲ್ಲ ಎಂದುಕೊಂಡವಳು ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದೆ. ಹನ್ನೊಂದು ಕಮಾನುಗಳು ಮಧ್ಯಾಹ್ನದ ಊಟದ ಹೊತ್ತಿಗೆ ಕುಸಿದು ಬಿದ್ದವು. ತಳ್ಳುವುದೂ ಬೇಕಾಗಲಿಲ್ಲ, ಮುಟ್ಟಿದರೆ ಸಾಕಿತ್ತು. ಹನ್ನೆರಡನೆಯದಕ್ಕೆ ಬಂದಾಗ ಜೇಸಿಬಿ ನಿಂತಿತು. ಮುಂದಿನ ಭಾಗ ಬಿದ್ದರೂ ಹಿಂದಿನ ಗೋಡೆ ಅಲುಗಲಿಲ್ಲ. ಸಿಮೆಂಟು ಸಾಲದೆ ನಾವು ಬಿಟ್ಟಿದ್ದ ಗೋಡೆ. ಬಕೆಟ್ಟಿನ ಹಲ್ಲು ತಾಗಿದಲ್ಲಿ ಕಿಡಿ ಹಾರಿತೇ ಹೊರತು ಒಂದು ಕಲ್ಲೂ ಸಡಿಲವಾಗಲಿಲ್ಲ. ಸಂಜೆಯಾಯಿತು, ಮರುದಿನವೂ ಅರ್ಧ ಹೋಯಿತು. ಜೇಸಿಬಿಯವನು ಇಳಿದು, ಬೆವರು ಒರೆಸಿಕೊಂಡು, ನನ್ನ ಪಕ್ಕ ನಿಂತು ನೀರು ಕುಡಿದ.

"ಇದಕ್ಕೇನ ಹಾಕಿ ಕಟ್ಯಾರ್ರಿ ಅಜ್ಜಿ ಇವರು?" ಎಂದು ಕೇಳಿದ.

ಬೆಲ್ಲ ಎಂದು ಹೇಳಲು ಬಾಯಿ ತೆರೆದವಳು ಆ ಗೋಡೆಯ ಕಡೆ ತಿರುಗಿದೆ. ನಾವು ಕೈ ಹಚ್ಚದೆ ಬಿಟ್ಟದ್ದೊಂದೇ ಗಟ್ಟಿಯಾಗಿ ನಿಂತಿತ್ತು. ನಾನು ಉಳಿಸಹೋಗದಿದ್ದರೆ ಹನ್ನೆರಡೂ ಹಾಗೇ ನಿಲ್ಲುತ್ತಿದ್ದವು. ಕೊನೆಗೆ ಬುಡ ಅಗೆದು ಅದನ್ನು ಉರುಳಿಸಿದರು. ಧೂಳು ಇಳಿದ ಮೇಲೆ ಆ ಗೋಡೆಯದೊಂದು ಗಡ್ಡೆ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಈಗ ನೀವು ಬಂದರೆ ಎಡವುವುದು ಅದನ್ನೇ.

ಅಲ್ಲಿ ಈಗ ಸಭಾಭವನ ಎದ್ದಿದೆ. ಕಾಂಪ್ಲೆಕ್ಸ್ ಆಗುವುದು ತಪ್ಪಿತಲ್ಲ ಎಂದು ಓಣಿಯವರಿಗೆ ಸಂತೋಷ. ಹೆಸರು ಹನ್ನೆರಡು ಕಮಾನು ಸಭಾಭವನ, ಕಮಾನು ಒಂದೂ ಇಲ್ಲ. ಉದ್ಘಾಟನೆಯ ದಿನ ನನ್ನನ್ನು ಕರೆದು ಶಾಲು ಹೊದಿಸಿದರು, ಪರಂಪರೆಗಾಗಿ ದುಡಿದ ಅಕ್ಕೋರು ಎಂದರು. ನಾನು ಹೊದಿಸಿಕೊಂಡೆ. ಬೇಡ ಎನ್ನಲು ಬೇಕಾದ ಧೈರ್ಯ ನನ್ನಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಕೆಳಗಿಳಿದು ಬರುವಾಗ ಬಾಗಿಲ ಪಕ್ಕದ ಗೋಡೆಯಲ್ಲಿ ಆ ಕಪ್ಪು ಗ್ರಾನೈಟು ಕಂಡಿತು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಮೇಲ್ಗಡೆ ನನ್ನ ಹೆಸರು ಫಳಫಳ ಹೊಳೆಯುತ್ತಿತ್ತು.

ಶಿವಲಿಂಗಪ್ಪ ಪಕ್ಕಕ್ಕೆ ಬಂದು ನಿಂತ. ಅವನ ಕಣ್ಣಲ್ಲಿ ನೀರಿತ್ತು.

"ಜೇಸಿಬಿ ಬರೂ ಹಿಂದಿನ ದಿನ ನಾನ ನಿಂತು ತಗಿಸಿದೆ ಅಕ್ಕೋರ. ಗೋಣಿಚೀಲ ಸುತ್ತಿ ನಮ್ಮ ಮನ್ಯಾಗ ಇಟ್ಕೊಂಡಿದ್ದೆ. ಏನೂ ಆಗಗೊಟ್ಟಿಲ್ರಿ. ಎಲ್ಲಾ ಹೋತು, ಇದೊಂದರ ಉಳಿಸೇವಿ."

ತೆಗೆಸಿಬಿಡು ಎಂದು ಹೇಳಬೇಕೆಂದಿದ್ದೆ. ಹೇಳಿದ್ದರೆ ಅವನು ವಿನಯ ಎಂದುಕೊಳ್ಳುತ್ತಿದ್ದ. "ಛಲೋ ಆತು ಬಿಡು ಶಿವಲಿಂಗಪ್ಪ," ಎಂದು ಮನೆಗೆ ಬಂದೆ.

ಆ ಬೆಲ್ಲದ ಮಾತು ಉಳಿದಿದೆ. ಗೌಂಡಿ ಬೇಡವೆಂದ ಉಂಡೆಯನ್ನು ನಾನು ಅಡುಗೆಮನೆಯ ಡಬ್ಬಿಗೆ ಹಾಕಿದೆ. ಎರಡು ದಿನ ಬಿಟ್ಟು ಸಂಜೆ ಅದರದ್ದೇ ಒಂದು ಚೂರು ಒಡೆದು ಚಹಾ ಮಾಡಿ, ಲೋಟಕ್ಕೆ ಹಾಕಿಕೊಂಡು ಅಮ್ಮನ ಹತ್ತಿರ ಹೋದೆ. ತಲೆ ಎತ್ತಿ ಹಿಡಿದು ಕುಡಿಸಿದೆ. ಅವಳು ಅರ್ಧ ಕುಡಿದು, ಬಿರಿದ ಬೆರಳಲ್ಲಿ ನನ್ನ ಕೈ ಹುಡುಕಿ ಹಿಡಿದು ಕೇಳಿದಳು.

"ನಾ ಕೊಟ್ಟ ಬೆಲ್ಲ ಹಾಕಿದ್ರಿಲ್ಲ?"

"ಹೂಂ, ಹಾಕಿದ್ವಿ," ಎಂದೆ.

"ಹಂಗಾದ್ರ ನನಗ ಕಾಳಜಿ ಇಲ್ಲ," ಎಂದು ಉಳಿದರ್ಧ ಚಹಾವನ್ನೂ ಕುಡಿದಳು.

ಗಚ್ಚು ಅಂದರೇನೆಂದು ಹೇಳಹೊರಟರೆ ಆ ಚಹಾದ ತನಕ ಹೇಳಬೇಕಾಗುತ್ತದೆ. ಅವತ್ತು ಶಾಹೀದಾ ಕಾದು ಕಾದು, ನಾನು ಚಹಾ ತಂದಾಗ ಮತ್ತೆ ಅದೇ ಪ್ರಶ್ನೆ ಕೇಳಿದಳು. ನಾನು ಅವಳ ಮುಂದೆ ಲೋಟ ಇಟ್ಟು, "ಕಲ್ಲು. ನೋಡಿ ಕಾಲಿಡು," ಎಂದೆ.